ಎಲ್ಲರೂ ಮೆಚ್ಚಿದ ತೇಜಸ್ವಿ ನನಗೆ ಯಾಕೆ ಹಿಡಿಸಲಿಲ್ಲ?

ಪ್ರಶ್ನೆ: ನಾನು ಐವತ್ತು ದಾಟಿದ ಗೃಹಿಣಿ. ಹುಡುಗಿಯಾಗಿದ್ದಾಗಿನಿಂದ ತ್ರಿವೇಣಿ, ಸಾಯಿಸುತೆ, ಉಷಾ ನವರತ್ನರಾಂ ಇವರನ್ನೆಲ್ಲ ಓದಿಕೊಂಡು ಬಂದವಳು. ನಮ್ಮ ಬಡಾವಣೆಯಲ್ಲಿ ಒಂದು ಓದುಗರ ಬಳಗ ಇದೆ, ತಿಂಗಳಿಗೊಂದು ಪುಸ್ತಕ ಓದಿ ಮಾತಾಡುತ್ತೇವೆ. ಈಚೆಗೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿದೆವು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ನನಗೆ ಮಾತ್ರ ಮನಸ್ಸಿಗೆ ತಾಗಲೇ ಇಲ್ಲ. ಹಾಗಂತ ಹೇಳಿದ್ದಕ್ಕೆ ಒಬ್ಬರು, "ನಿಮ್ಮ ಓದು ಇನ್ನೂ ಸಾಯಿಸುತೆ ದಾಟಿಲ್ಲ ಬಿಡಿ" ಅಂದರು. ಎಲ್ಲರೂ ನಕ್ಕರು. ಮನೆಯಲ್ಲೂ ಇದೇ ಕಥೆ. ಯಜಮಾನರಿಗೆ ಯಂಡಮೂರಿ ಬಿಟ್ಟರೆ ಬೇರೆ ಬೇಡ. ಮಗನಿಗೆ ಭೈರಪ್ಪ ಅಂದರೆ ಪ್ರಾಣ, ಸೊಸೆ ಅವರ ಪುಸ್ತಕ ಮುಟ್ಟುವುದಿಲ್ಲ. ಒಂದೇ ಮನೆಯಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಒಳ್ಳೆಯ ಅಭಿರುಚಿ ಅನ್ನುವುದು ಒಂದಿದೆಯಾ? ಮುಂದಿನ ಪುಸ್ತಕ ಆರಿಸುವ ಸರದಿ ನನ್ನದು. ಯಾವುದು ಇಡಲಿ?

ಉತ್ತರ: ಮೊದಲು ಆ ನಗುವಿನ ವಿಷಯ ಮುಗಿಸಿಬಿಡೋಣ. "ಸಾಯಿಸುತೆ ದಾಟಿಲ್ಲ" ಅನ್ನುವ ಮಾತಿನ ಹಿಂದೆ ಒಂದು ನಂಬಿಕೆ ಇದೆ. ಲೇಖಕರೆಲ್ಲ ಮೆಟ್ಟಿಲುಗಳಿದ್ದ ಹಾಗೆ, ಒಂದೊಂದೇ ಹತ್ತಿ ಮೇಲೆ ಹೋಗಬೇಕು, ಕೆಳಗೇ ನಿಂತವರು ದಡ್ಡರು ಅಂತ. ಓದುವವರನ್ನು ಹತ್ತಿರದಿಂದ ನೋಡಿದ ಯಾರೂ ಇದನ್ನು ಒಪ್ಪುವುದಿಲ್ಲ. ಕುಮಾರವ್ಯಾಸನ ಮೇಲೆ ಗಂಟೆಗಟ್ಟಲೆ ಮಾತಾಡಬಲ್ಲ ಮೇಷ್ಟ್ರುಗಳು ರೈಲಿನಲ್ಲಿ ಪತ್ತೇದಾರಿ ಕಾದಂಬರಿ ಹಿಡಿದು ಕೂತಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರೇನೂ ಕೆಳಗಿಳಿದಿರಲಿಲ್ಲ. ಆ ಹೊತ್ತಿಗೆ ಅವರಿಗೆ ಬೇಕಾಗಿದ್ದು ಅದು, ಅಷ್ಟೇ.

ಜನಪ್ರಿಯ ಲೇಖಕರು ಒಬ್ಬೊಬ್ಬರೂ ಓದುಗರಿಗೆ ಒಂದು ಮಾತು ಕೊಟ್ಟಿರುತ್ತಾರೆ. ನನ್ನ ಪುಸ್ತಕ ತೆಗೆದರೆ ನಿಮಗೆ ಇಂಥದ್ದು ಸಿಗುತ್ತದೆ ಅಂತ. ಆ ಮಾತು ಮುಖಪುಟದಲ್ಲಿ ಬರೆದಿರುವುದಿಲ್ಲ. ಆದರೆ ಎರಡು ಪುಸ್ತಕ ಓದಿದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ. ನಮಗೆ ಹಿಡಿಸದ ಲೇಖಕರಲ್ಲಿ ಬಹಳ ಮಂದಿ ಕೆಟ್ಟದಾಗಿ ಬರೆದವರಲ್ಲ. ನಮಗೆ ಬೇಕಿಲ್ಲದ ಮಾತು ಕೊಟ್ಟು, ಅದನ್ನು ಚೆನ್ನಾಗಿಯೇ ಉಳಿಸಿಕೊಂಡವರು. ನಿಮ್ಮ ಮತ್ತು ತೇಜಸ್ವಿಯವರ ನಡುವೆ ಆಗಿರುವುದು ಇದೇ ಅಂತ ನನ್ನ ಊಹೆ.

'ಕರ್ವಾಲೊ' 1980ರಲ್ಲಿ ಬಂದ ಪುಸ್ತಕ. ಮೂಡಿಗೆರೆ ಕಡೆಯ ಒಬ್ಬ ರೈತ, ಒಬ್ಬ ವಿಜ್ಞಾನಿ, ಮಂದಣ್ಣ ಅನ್ನುವ ಹಳ್ಳಿ ಹುಡುಗ, ಇನ್ನೊಂದಿಷ್ಟು ಜನ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಕೊನೆಗೆ ಓತಿ ಕಾಣುತ್ತದೆ. ಕೈಗೆ ಮಾತ್ರ ಸಿಗುವುದಿಲ್ಲ, ತೇಲಿಕೊಂಡು ಹೊರಟುಹೋಗುತ್ತದೆ. ತೇಜಸ್ವಿ ಕೊಡುವ ಮಾತು ಇಲ್ಲಿದೆ: ನಿನ್ನ ಕಣ್ಣಿನ ಮುಂದೆಯೇ ಇರುವ, ನೀನು ಇದುವರೆಗೆ ನೋಡದ ಒಂದು ಲೋಕವನ್ನು ತೋರಿಸುತ್ತೇನೆ, ನಗಿಸುತ್ತಾ ತೋರಿಸುತ್ತೇನೆ. ಜೇನು, ನಾಯಿ, ಕೆಟ್ಟುಹೋದ ಯಂತ್ರ, ಸರ್ಕಾರಿ ಕಚೇರಿಯ ಕಾಗದ, ಎಲ್ಲಕ್ಕೂ ಅಲ್ಲಿ ಜಾಗ ಇದೆ. ಆ ಪುಸ್ತಕದಲ್ಲಿ ಮಂದಣ್ಣನ ಮದುವೆಯ ಪ್ರಸಂಗವೂ ಬರುತ್ತದೆ, ಓದಿ ನಕ್ಕಿರುತ್ತೀರಿ. ಆದರೆ ಆ ಮದುಮಗಳ ಮನಸ್ಸಿನಲ್ಲಿ ಏನು ಓಡುತ್ತಿತ್ತು? ಪುಸ್ತಕ ಅದನ್ನು ಕೇಳುವುದೇ ಇಲ್ಲ. ತೇಜಸ್ವಿಗೆ ಅದು ಬೇಕಾಗಿರಲಿಲ್ಲ.

ಈಗ ತ್ರಿವೇಣಿಯವರ ಕಡೆ ಬನ್ನಿ. ಅನಸೂಯಾ ಶಂಕರ್ ಅನ್ನುವುದು ಅವರ ನಿಜವಾದ ಹೆಸರು. ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. 1928ರಲ್ಲಿ ಹುಟ್ಟಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. 'ಶರಪಂಜರ'ದ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಅವಳಿಗೆ ಗುಣವಾಗಿದೆ, ಮನೆಯವರಿಗೆ ಮಾತ್ರ ನಂಬಿಕೆ ಇಲ್ಲ. ಅವಳು ಸ್ವಲ್ಪ ಜೋರಾಗಿ ನಕ್ಕರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇಲ್ಲಿ ಕಾಡಿಲ್ಲ, ಓತಿ ಇಲ್ಲ. ಒಂದು ಮನೆ, ನಾಲ್ಕು ಗೋಡೆ, ಒಳಗೆ ಒಂದು ಮನಸ್ಸು. ತ್ರಿವೇಣಿ ಕೊಡುವ ಮಾತು: ಹೊರಗಿನಿಂದ ಕಾಣದ್ದನ್ನು ಒಳಗೆ ನಿಂತು ಹೇಳುತ್ತೇನೆ. ಮೂವತ್ತು ವರ್ಷ ಆ ಮಾತಿಗೆ ಒಗ್ಗಿದ ಓದುಗರು 'ಕರ್ವಾಲೊ' ತೆಗೆದರೆ, ಎಲ್ಲ ಇದೆ, ಆದರೆ ಮನುಷ್ಯರ ಒಳಗೆ ಯಾರೂ ಹೋಗುತ್ತಿಲ್ಲವಲ್ಲ ಅನ್ನಿಸುವುದು ಸಹಜ. ತೇಜಸ್ವಿ ಅಭಿಮಾನಿಗಳು ತ್ರಿವೇಣಿ ತೆಗೆದಾಗ, ಇವರು ಮನೆ ಬಿಟ್ಟು ಹೊರಗೇ ಬರುವುದಿಲ್ಲವಲ್ಲ ಅಂತ ಉಸಿರುಕಟ್ಟುವುದೂ ಅಷ್ಟೇ ಸಹಜ. ಇಬ್ಬರೂ ಸರಿಯಾಗಿಯೇ ಓದಿದ್ದಾರೆ.

ಒಂದು ಮಾತು ನೆನಪಿಡಿ. ತೇಜಸ್ವಿಯವರೇ ತಮ್ಮ ಕಾಲದ ದೊಡ್ಡ ಅಭಿರುಚಿಯ ವಿರುದ್ಧ ನಿಂತವರು. ನವ್ಯ, ಅಂದರೆ ಆಗಿನ ಹೊಸ ಅಲೆಯ ಸಾಹಿತ್ಯ ಬಿಟ್ಟರೆ ಬೇರೆ ಇಲ್ಲ ಅನ್ನುತ್ತಿದ್ದ ದಿನಗಳಲ್ಲಿ, 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಆ ದಾರಿ ತನಗೆ ಸಾಕಾಗಿದೆ ಅಂತ ಬರೆದು ಹೊರಬಂದರು. ತನಗೆ ಹಿಡಿಸದ್ದನ್ನು ಹಿಡಿಸಿಲ್ಲ ಅಂತ ಹೇಳಿದ ಲೇಖಕರ ಅಭಿಮಾನಿಗಳು, ಹಾಗೆ ಹೇಳಿದ ಓದುಗರನ್ನು ನೋಡಿ ನಗುವುದು ತಮಾಷೆಯೇ ಸರಿ.

ನಿಮ್ಮ ಯಜಮಾನರ ಯಂಡಮೂರಿಯ ವಿಷಯ ಸ್ವಲ್ಪ ಬೇರೆ. ಅದನ್ನು ಅರ್ಥ ಮಾಡಿಕೊಳ್ಳಲು ವಾರಪತ್ರಿಕೆಗಳ ಕಾಲಕ್ಕೆ ಹೋಗಬೇಕು. 'ಸುಧಾ' 1965ರಲ್ಲಿ ಶುರುವಾಯಿತು, 'ತರಂಗ' 1983ರಲ್ಲಿ. 'ಪ್ರಜಾಮತ', 'ಕರ್ಮವೀರ' ಅದಕ್ಕೂ ಮೊದಲೇ ಇದ್ದವು. ಕನ್ನಡದ ಜನಪ್ರಿಯ ಕಾದಂಬರಿಯ ದೊಡ್ಡ ಭಾಗ ಈ ಪತ್ರಿಕೆಗಳಲ್ಲಿ ಕಂತು ಕಂತಾಗಿ ಬಂದದ್ದು. ಕಂತಿಗೆ ಬರೆಯುವವರಿಗೆ ಒಂದು ಕಟ್ಟುಪಾಡು ಇರುತ್ತದೆ. ಪ್ರತಿ ವಾರದ ಕೊನೆಯ ಸಾಲಿನಲ್ಲಿ ಏನೋ ಒಂದು ಬಾಕಿ ಉಳಿಯಬೇಕು. ಬಾಗಿಲು ತೆರೆಯಿತು, ಎದುರಿಗೆ ನಿಂತವರು ಯಾರು ಅಂತ ಹೇಳಬಾರದು. ಜೊತೆಗೆ ಹಿಂದಿನ ವಾರ ಪತ್ರಿಕೆ ಸಿಗದವರಿಗೂ ಕಥೆ ಹತ್ತಬೇಕು. ಹಾಗಾಗಿ ನಡೆದದ್ದನ್ನು ಆಗಾಗ ನೆನಪಿಸಬೇಕು. ಪಾತ್ರಗಳಿಗೆ ಥಟ್ಟನೆ ಗುರುತು ಸಿಗುವ ಒಂದು ಗುಣ ಇರಬೇಕು.

ಯಂಡಮೂರಿ ವೀರೇಂದ್ರನಾಥ್ ಇದರಲ್ಲಿ ಪಳಗಿದ ಕೈ. ಅವರು ಬರೆದದ್ದು ತೆಲುಗಿನಲ್ಲಿ, ಕನ್ನಡಕ್ಕೆ ತಂದವರು ವಂಶಿ, ರಾಜಾ ಚೆಂಡೂರ್ ಮೊದಲಾದವರು. ಆದರೂ ಎಂಬತ್ತರ ದಶಕದ ಕನ್ನಡ ಓದುಗರಿಗೆ ಅವರು ಹೊರಗಿನವರು ಅನ್ನಿಸಲೇ ಇಲ್ಲ. 'ತುಳಸಿದಳ'ದ ಮಾಟ ಮಂತ್ರದ ಕಥೆ ಓದಿ ರಾತ್ರಿ ದೀಪ ಆರಿಸಲು ಹೆದರಿದವರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಅವರು ಮುಂದಿನ ಕಂತಿಗೆ ವಾರಗಟ್ಟಲೆ ಕಾದವರು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಪತ್ರಿಕೆ ಬಂತಾ ಅಂತ ವಿಚಾರಿಸಿದವರು. ಆ ಕಾಯುವಿಕೆಯೂ ಅವರ ಓದಿನ ಭಾಗ. ಅದೇ ಕಾದಂಬರಿಯನ್ನು ಇವತ್ತು ಇಪ್ಪತ್ತೈದರ ಹುಡುಗಿ ಒಂದೇ ಭಾನುವಾರ ಕೂತು ಓದಿದರೆ, ಪ್ರತಿ ಅಧ್ಯಾಯದ ಕೊನೆಯ ತಿರುವು ಬೇಕಂತಲೇ ಮಾಡಿದ್ದು ಅನ್ನಿಸುತ್ತದೆ. ನೆನಪಿಸುವ ಭಾಗಗಳು ಸುಮ್ನೆ ಎಳೆದ ಹಾಗೆ ಕಾಣುತ್ತವೆ. ಪುಸ್ತಕ ಅದೇ, ಓದಿದ ರೀತಿ ಬೇರೆ. ಯಜಮಾನರಿಗೂ ಸೊಸೆಗೂ ಯಂಡಮೂರಿ ವಿಷಯದಲ್ಲಿ ಜಗಳ ಬಂದರೆ, ಮೊದಲು ಕೇಳಬೇಕಾದ್ದು ಯಾರು ಅದನ್ನು ಹೇಗೆ ಓದಿದರು ಅನ್ನುವುದನ್ನು.

ಇನ್ನೊಂದು ಸಂಗತಿ ಸಿನಿಮಾ. 1972ನೇ ಇಸವಿ ನೋಡಿ. ಆ ಒಂದೇ ವರ್ಷ ತ್ರಿವೇಣಿಯವರ 'ಶರಪಂಜರ', ಟಿ.ಕೆ. ರಾಮರಾಯರ 'ಬಂಗಾರದ ಮನುಷ್ಯ', ತರಾಸು ಅವರ 'ನಾಗರಹಾವು' ಮೂರೂ ತೆರೆಗೆ ಬಂದವು. ಆಮೇಲೆ ಆ ಕಾದಂಬರಿ ಓದಿದವರಲ್ಲಿ ಎಷ್ಟೋ ಮಂದಿಗೆ ಕಾವೇರಿ ಅಂದರೆ ಕಲ್ಪನಾ, 'ಬಂಗಾರದ ಮನುಷ್ಯ'ದ ರಾಜೀವ ಅಂದರೆ ರಾಜಕುಮಾರ್. ಮುಖ ಮೊದಲೇ ಬಂದುಬಿಟ್ಟಿದೆ, ದನಿ ಬಂದುಬಿಟ್ಟಿದೆ. ಹಾಡೂ ಕೇಳುತ್ತದೆ. ಪುಸ್ತಕವನ್ನು ಬರೀ ಪುಸ್ತಕವಾಗಿ ಓದಿದ ಇವತ್ತಿನವರಿಗೆ ಅಷ್ಟೆಲ್ಲ ಸಿಗುವುದಿಲ್ಲ. ಲೇಖಕರಿಗೇ ತಮ್ಮ ಕಥೆ ತೆರೆಯ ಮೇಲೆ ಹಿಡಿಸದೇ ಹೋಗಬಹುದು. 'ನಾಗರಹಾವು' ಜನ ಮುಗಿಬಿದ್ದು ನೋಡಿದ ಚಿತ್ರ, ತರಾಸು ಅವರಿಗೆ ಮಾತ್ರ ಅಸಮಾಧಾನ ಇತ್ತು. ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದ ನಾಯಕ ರಾಮಾಚಾರಿಯೇ ಬೇರೆ.

ಭೈರಪ್ಪನವರ ವಿಷಯಕ್ಕೆ ಬಂದರೆ ನಿಮ್ಮ ಮನೆಯ ಜಗಳ ಬರೀ ಅಭಿರುಚಿಯದ್ದಲ್ಲ ಅಂತ ನನಗೆ ಗುಮಾನಿ. ಇಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಕೊಂಡಿರುತ್ತವೆ. ಒಂದು, ಹಿಡಿಸಲಿಲ್ಲ. ಇನ್ನೊಂದು, ಒಪ್ಪಲಿಲ್ಲ.

'ಆವರಣ' 2007ರಲ್ಲಿ ಬಂದಾಗ ಅಂಗಡಿಗಳಲ್ಲಿ ಪ್ರತಿಗಳು ಉಳಿಯಲಿಲ್ಲ. ಮೇಲಿಂದ ಮೇಲೆ ಮರುಮುದ್ರಣ ಆಯಿತು. ಅಷ್ಟೇ ಜೋರಾಗಿ ಟೀಕೆಯೂ ಬಂತು. ಅನಂತಮೂರ್ತಿಯವರೂ ಟೀಕಿಸಿದವರಲ್ಲಿ ಇದ್ದರು. ಆ ಟೀಕೆಗಳಲ್ಲಿ ಹೆಚ್ಚಿನವು ಕಥೆ ಬೋರ್ ಆಯಿತು ಅನ್ನುವ ಬಗ್ಗೆ ಅಲ್ಲ, ಅದು ಹೇಳುವ ಇತಿಹಾಸದ ಬಗ್ಗೆ, ಅದರ ನಿಲುವಿನ ಬಗ್ಗೆ. ಅದು ವಾದ, ಅಭಿರುಚಿ ಅಲ್ಲ. ಅದನ್ನು ವಾದವಾಗಿಯೇ ಎದುರಿಸಬೇಕು. ನಿಮ್ಮ ಸೊಸೆ ಭೈರಪ್ಪನವರನ್ನು ಮುಟ್ಟದಿರುವುದು ನಿಲುವಿನ ಕಾರಣಕ್ಕಾದರೆ, ಚೆನ್ನಾಗಿ ಬರೆಯುತ್ತಾರೆ ಕಣೇ ಅಂತ ಮಗ ಎಷ್ಟು ಹೇಳಿದರೂ ಉಪಯೋಗವಿಲ್ಲ. ಅವರು ಕೇಳುತ್ತಿರುವ ಪ್ರಶ್ನೆಗೆ ಅದು ಉತ್ತರವಲ್ಲ. ಹಾಗೆಯೇ, ನಿಲುವು ಒಪ್ಪಿಕೊಂಡ ಮಾತ್ರಕ್ಕೆ ಕಾದಂಬರಿ ಚೆನ್ನಾಗಿದೆ ಅಂತಲೂ ಆಗುವುದಿಲ್ಲ. ಇದನ್ನು ನಿಮ್ಮ ಮಗನಿಗೂ ಹೇಳಬಹುದು.

ಹಳೆಯ ಭೈರಪ್ಪನವರಲ್ಲಿ ಇದು ಇನ್ನೂ ಸ್ವಾರಸ್ಯವಾಗಿದೆ. 'ವಂಶವೃಕ್ಷ' 1965ರದ್ದು. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಕಾತ್ಯಾಯಿನಿ ಮತ್ತೆ ಮದುವೆಯಾಗುತ್ತಾಳೆ. ಗರ್ಭ ನಿಲ್ಲುವುದಿಲ್ಲ, ನರಳುತ್ತಾಳೆ, ಕೊನೆಗೆ ಸಾಯುತ್ತಾಳೆ. ನೋಡಿ, ಮರುಮದುವೆ ಮಾಡಿಕೊಂಡವಳಿಗೆ ಲೇಖಕರು ಶಿಕ್ಷೆ ಕೊಟ್ಟರು ಅಂತ ಸಿಟ್ಟಾಗುವ ಓದುಗರಿದ್ದಾರೆ. ಅದೇ ಪುಸ್ತಕದಲ್ಲಿ, ವಂಶ ವಂಶ ಅಂತ ಜೀವ ತೇದ ಶ್ರೀನಿವಾಸ ಶ್ರೋತ್ರಿಗಳಿಗೆ ತಮ್ಮ ಹುಟ್ಟೇ ಆ ವಂಶದ್ದಲ್ಲ ಅಂತ ಗೊತ್ತಾಗುತ್ತದೆ. ಲೇಖಕರು ವಂಶದ ಬುಡಕ್ಕೇ ಕೊಡಲಿ ಇಟ್ಟರು ಅಂತ ಓದುವವರೂ ಇದ್ದಾರೆ. ಒಬ್ಬರ ಕಣ್ಣು ಕಾತ್ಯಾಯಿನಿಯ ಮೇಲೆ, ಇನ್ನೊಬ್ಬರದು ಶ್ರೋತ್ರಿಗಳ ಮೇಲೆ. ನನ್ನನ್ನು ಕೇಳಿದರೆ, ಕಾದಂಬರಿಯ ಶಕ್ತಿ ಇರುವುದು ಎರಡನೆಯದರಲ್ಲಿ. ಆದರೆ ಮೊದಲಿನವರ ಸಿಟ್ಟು ಸುಳ್ಳಲ್ಲ. ಕಾತ್ಯಾಯಿನಿಗೆ ಪುಸ್ತಕ ಕೊಟ್ಟ ಕಷ್ಟ ಸ್ವಲ್ಪ ಜಾಸ್ತಿಯೇ ಆಯಿತು.

ಈಗ ಒಂದು ಕಹಿ ವಿಷಯ. ಯಾರ ಅಭಿರುಚಿಯನ್ನು ನೋಡಿ ಜನ ನಗುತ್ತಾರೆ ಅಂತ ಗಮನಿಸಿದ್ದೀರಾ? ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ಓದಿಯೇ ನನಗೆ ಕನ್ನಡ ಓದುವ ಚಟ ಹತ್ತಿತು ಅಂತ ದೊಡ್ಡ ದೊಡ್ಡವರು ಪ್ರೀತಿಯಿಂದ ಹೇಳಿಕೊಳ್ಳುತ್ತಾರೆ. ಸಾಯಿಸುತೆ ಓದಿ ಬೆಳೆದೆ ಅಂತ ಅಷ್ಟೇ ಸಲೀಸಾಗಿ ಹೇಳುವವರು ಕಡಿಮೆ. ಅವರದ್ದೂ ನೂರು ದಾಟಿದ ಕಾದಂಬರಿಗಳು, ಅವರಿಗೂ ಲೆಕ್ಕವಿಲ್ಲದಷ್ಟು ಓದುಗರು. ವ್ಯತ್ಯಾಸ ಏನು? ಒಂದನ್ನು ಹುಡುಗರು ಓದಿದರು, ಇನ್ನೊಂದನ್ನು ಹೆಂಗಸರು ಓದಿದರು. ಹೆಂಗಸರು ಬರೆದದ್ದಕ್ಕೆ 'ಅಡುಗೆಮನೆ ಸಾಹಿತ್ಯ' ಅಂತ ಹೆಸರಿಟ್ಟ ಕಾಲ ಒಂದಿತ್ತು. ಆ ಹಣೆಪಟ್ಟಿ ಹೋಯಿತು ಅಂದುಕೊಂಡಿದ್ದೇವೆ. ನಿಮ್ಮ ಬಳಗದಲ್ಲಿ ಎದ್ದ ನಗು ಅದು ಪೂರ್ತಿ ಹೋಗಿಲ್ಲ ಅನ್ನುತ್ತಿದೆ.

ಹಾಗಂತ ಸಾಯಿಸುತೆಯವರ ಎಲ್ಲ ಕಾದಂಬರಿಯೂ ಒಂದೇ ತೂಕ ಅಂತ ನಾನು ಹೇಳುತ್ತಿಲ್ಲ. ಹತ್ತು ಓದಿದವರಿಗೆ ಹನ್ನೊಂದನೆಯದರ ದಾರಿ ಮೊದಲೇ ಗೊತ್ತಾಗುತ್ತದೆ. ಸ್ವಾಭಿಮಾನದ ಹುಡುಗಿ, ಮರ್ಯಾದಸ್ಥ ಮನೆ, ಒಂದು ತಪ್ಪು ತಿಳಿವಳಿಕೆ, ಕೊನೆಗೆ ಮನಸ್ಸು ತಿಳಿಯಾಗುವುದು. ಆದರೆ ಓದುಗರು ಆ ಪುಸ್ತಕ ತೆಗೆಯುವುದೇ ದಾರಿ ಗೊತ್ತಿದೆ ಅಂತ. ದಿನವಿಡೀ ಮನೆಯಲ್ಲಿ ಇನ್ನೊಬ್ಬರ ಅನಿಶ್ಚಿತ ಮೂಡಿಗೆ ತಕ್ಕ ಹಾಗೆ ಬದುಕುವ ಹೆಣ್ಣಿಗೆ, ಮಧ್ಯಾಹ್ನದ ಒಂದು ಗಂಟೆ ಕೊನೆ ಖಚಿತವಾಗಿ ಗೊತ್ತಿರುವ ಕಥೆ ಬೇಕು ಅನ್ನಿಸುವುದರಲ್ಲಿ ತಪ್ಪೇನು? ಪುರುಷೋತ್ತಮನ ಕಥೆಯಲ್ಲೂ ಕೊಲೆಗಾರ ಸಿಕ್ಕೇ ಸಿಗುತ್ತಾನೆ. ಅದನ್ನು ಯಾರೂ ದೋಷ ಅನ್ನಲಿಲ್ಲ.

ಇದು ನಮ್ಮ ಊರಿನ ಜಗಳ ಮಾತ್ರ ಅಲ್ಲ. 1944ರಲ್ಲಿ ಎಡ್ಮಂಡ್ ವಿಲ್ಸನ್ ಅನ್ನುವ ಅಮೆರಿಕದ ದೊಡ್ಡ ವಿಮರ್ಶಕ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ, ಜನ ಪತ್ತೇದಾರಿ ಕಥೆ ಯಾಕೆ ಓದುತ್ತಾರೋ ಅಂತ ಬರೆದ. ಓದುಗರಿಂದ ಕಾಗದಗಳು ಬಂದು ಬಿದ್ದವು. ನೀವು ಸರಿಯಾದ ಲೇಖಕರನ್ನು ಓದಿಲ್ಲ, ಇವರನ್ನು ಓದಿ ನೋಡಿ ಅಂತ. ಆತ ಅವರು ಹೇಳಿದವರನ್ನೂ ಓದಿದ. 1945ರ ಜನವರಿಯಲ್ಲಿ ಮತ್ತೊಂದು ಲೇಖನ ಬರೆದು, ಇವರು ಇನ್ನೂ ಬೇಸರ ಅಂದ. ಅದೇ ಕಾಲದಲ್ಲಿ ಡಬ್ಲ್ಯು.ಎಚ್. ಆಡೆನ್, ಇಂಗ್ಲಿಷಿನ ಶ್ರೇಷ್ಠ ಕವಿಗಳಲ್ಲಿ ಒಬ್ಬ, ತನಗೆ ಪತ್ತೇದಾರಿ ಕಥೆ ಸಿಗರೇಟು, ಮದ್ಯದ ಹಾಗೆ ಚಟ ಅಂತ 1948ರಲ್ಲಿ ಬರೆದುಕೊಂಡ. ಇಬ್ಬರೂ ಮಹಾ ಓದುಗರು. ಇವರಲ್ಲಿ ಯಾರ ಓದು ಯಾರನ್ನು ದಾಟಿಲ್ಲ ಅಂತ ನಿಮ್ಮ ಬಳಗದವರನ್ನು ಕೇಳಿ. ವಿಲ್ಸನ್ ವಿಷಯದಲ್ಲಿ ನನಗೆ ಇಷ್ಟವಾಗುವುದು ಒಂದೇ. ಕೊಟ್ಟ ಪುಸ್ತಕಗಳನ್ನು ಕೂತು ಓದಿದ, ಆಮೇಲೆ ಹಿಡಿಸಲಿಲ್ಲ ಅಂದ. ಮುಟ್ಟದೆ ಹೇಳಲಿಲ್ಲ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಒಳ್ಳೆಯ ಅಭಿರುಚಿ ಅನ್ನುವುದು ಇದೆಯಾ? ಇಲ್ಲಿ ಬಹಳ ಜನ 'ಲೋಕೋ ಭಿನ್ನರುಚಿಃ' ಅಂದು ಕೈತೊಳೆದುಕೊಳ್ಳುತ್ತಾರೆ. ಈ ಮಾತು ನಮಗೆ ಬಂದಿರುವುದು ಕಾಳಿದಾಸನ ರಘುವಂಶದ ಆರನೇ ಸರ್ಗದಿಂದ. ಇಂದುಮತಿಯ ಸ್ವಯಂವರ. ಸುನಂದೆ ಒಬ್ಬೊಬ್ಬ ರಾಜನನ್ನೂ ಪರಿಚಯಿಸುತ್ತಾ ಅಂಗರಾಜನ ಹತ್ತಿರ ನಿಲ್ಲುತ್ತಾಳೆ. ಇಂದುಮತಿ ಅವನನ್ನು ನೋಡಿ, ಮುಂದೆ ನಡೆ ಅನ್ನುತ್ತಾಳೆ. ಆಗ ಕವಿ ಹೇಳುತ್ತಾನೆ: ಅವನು ಬಯಸತಕ್ಕವನಲ್ಲ ಅಂತಲ್ಲ, ಅವಳಿಗೆ ಸರಿಯಾಗಿ ನೋಡಲು ಬರುವುದಿಲ್ಲ ಅಂತಲೂ ಅಲ್ಲ, ಜನರ ರುಚಿ ಬೇರೆ ಬೇರೆ. ನಾವು ಕೊನೆಯ ತುಂಡನ್ನು ಮಾತ್ರ ಹಿಡಿದುಕೊಂಡಿದ್ದೇವೆ. ಮೊದಲಿನ ಎರಡು ಮಾತನ್ನು ಬಿಟ್ಟೆವು. ತೇಜಸ್ವಿ ಸಾಮಾನ್ಯ ಲೇಖಕರಲ್ಲ, ನಿಮಗೆ ಓದಲು ಬರುವುದಿಲ್ಲ ಅಂತಲೂ ಅಲ್ಲ. ಕಾಳಿದಾಸ ಎರಡೂ ಕಡೆಯವರ ಮರ್ಯಾದೆ ಉಳಿಸಿದ್ದಾನೆ. ನಿಮ್ಮ ಬಳಗದವರು ಒಂದೇ ಕಡೆಯದ್ದು ಉಳಿಸಿದರು.

ಆದರೆ ರುಚಿ ಬೇರೆ ಬೇರೆ ಅಂದ ಮಾತ್ರಕ್ಕೆ ಒಳ್ಳೆಯದು ಕೆಟ್ಟದ್ದು ಅನ್ನುವುದೇ ಇಲ್ಲ ಅಂತ ನಾನು ಒಪ್ಪುವುದಿಲ್ಲ. ತೂಗಿ ನೋಡುವುದು ಹೇಗೆ ಅಂದರೆ, ಕೊಟ್ಟ ಮಾತಿನ ಒಳಗೆ ನಿಂತು ನೋಡಬೇಕು. ತ್ರಿವೇಣಿಯನ್ನು ತೇಜಸ್ವಿಯ ಪಕ್ಕ ಇಟ್ಟು ತೂಗುವುದು ವ್ಯರ್ಥ. ತ್ರಿವೇಣಿಯನ್ನು ಅವರ ಹಾಗೆಯೇ ಬರೆಯಲು ಹೋದವರ ಪಕ್ಕ ಇಟ್ಟು ನೋಡಿ. ಆ ದಿನಗಳಲ್ಲಿ ಮನಸ್ಸಿನ ಕಾಯಿಲೆ, ದಾಂಪತ್ಯದ ಬಿರುಕು ಅಂತ ಬರೆದವರು ಎಷ್ಟೋ ಜನ. ಅವರಲ್ಲಿ ಹೆಚ್ಚಿನವರ ಪುಸ್ತಕದಲ್ಲಿ ನಾಯಕಿ ಅಳುತ್ತಾಳೆ, ನಾವು ಮರುಗುತ್ತೇವೆ, ಮುಗಿಯಿತು. 'ಬೆಳ್ಳಿಮೋಡ'ದ ಇಂದಿರಾಳನ್ನು ನೆನೆಸಿಕೊಳ್ಳಿ. ಅವಳಿಗೆ ತಮ್ಮ ಹುಟ್ಟಿ, ಆಸ್ತಿ ಪೂರ್ತಿ ಸಿಗುವುದಿಲ್ಲ ಅಂತಾದಾಗ ಮೋಹನ ಮದುವೆ ಬೇಡ ಅಂದ. ಆಮೇಲೆ ಅವನು ಪೆಟ್ಟು ಬಿದ್ದು ಮಲಗಿದಾಗ ಇವಳೇ ಸೇವೆ ಮಾಡಿದಳು. ಅವನ ಮನಸ್ಸು ತಿರುಗಿತು. ಸಾಮಾನ್ಯ ಕಾದಂಬರಿಯಲ್ಲಿ ಇಲ್ಲಿ ಓಲಗ ಊದಬೇಕು. ಇಂದಿರಾ ಬೇಡ ಅನ್ನುತ್ತಾಳೆ. ಸೇವೆ ಮಾಡಿದ್ದು ಬೇರೆ, ಮದುವೆ ಬೇರೆ. ಅರವತ್ತರ ದಶಕದ ಓದುಗರು ಬಯಸಿದ್ದು ಸಿಗಲಿಲ್ಲ. ಆದರೂ ಅವರು ಪುಸ್ತಕ ಎಸೆಯಲಿಲ್ಲ, ಎದೆಗೆ ಅಪ್ಪಿಕೊಂಡರು. ಒಳ್ಳೆಯ ಜನಪ್ರಿಯ ಲೇಖಕರ ಗುರುತು ನನಗೆ ಇದು. ಮಾತು ಕೊಟ್ಟಷ್ಟನ್ನು ಕೊಟ್ಟು, ನಾವು ಕೇಳದೇ ಇದ್ದದ್ದನ್ನೂ ಒಂದಿಷ್ಟು ಕೊಡುತ್ತಾರೆ.

ಕಾಲವೂ ತನ್ನ ಕೆಲಸ ಮಾಡುತ್ತದೆ. ಕನ್ನಡ ಪುಸ್ತಕ ಅಂದರೆ ತಾತ್ಸಾರ ಮಾಡುತ್ತಿದ್ದ ಬೀಚಿಯವರನ್ನು ಕನ್ನಡಕ್ಕೆ ಎಳೆದು ತಂದದ್ದು ಅನಕೃ ಅವರ 'ಸಂಧ್ಯಾರಾಗ'. ಕನ್ನಡದ ಅಷ್ಟು ದೊಡ್ಡ ಹಾಸ್ಯಗಾರ ಒಂದು ಜನಪ್ರಿಯ ಕಾದಂಬರಿ ಓದಿ ದಾರಿ ಬದಲಿಸಿದರು. ಇವತ್ತು ಅದೇ 'ಸಂಧ್ಯಾರಾಗ'ವನ್ನು ಕಾಲೇಜು ಹುಡುಗರ ಕೈಗೆ ಕೊಟ್ಟರೆ, ಮಾತು ಜಾಸ್ತಿ ಆಯಿತು ಸರ್ ಅನ್ನುತ್ತಾರೆ. ಅನಕೃ ಅವರನ್ನು ಅವರ ಕಾಲದಲ್ಲಿ ಬೈದವರ ದೂರು ಇದಾಗಿರಲಿಲ್ಲ. ವೇಶ್ಯೆಯರ ಬದುಕಿನ ಬಗ್ಗೆ 'ನಗ್ನಸತ್ಯ'ದಂಥ ಕಾದಂಬರಿ ಬರೆದಾಗ ಅಶ್ಲೀಲ ಅಂತ ಗದ್ದಲ ಎದ್ದು, ಅವರು ಉತ್ತರವಾಗಿ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಅನ್ನುವ ಪುಸ್ತಕವನ್ನೇ ಬರೆದರು. ಆಗ ಬೆಚ್ಚಿಬೀಳಿಸಿದ್ದು ಈಗ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. ಆಗ ಯಾರಿಗೂ ಕಾಣದ ಉದ್ದ ಈಗ ಎಲ್ಲರಿಗೂ ಕಾಣುತ್ತದೆ.

ಊರೂ ಲೆಕ್ಕಕ್ಕೆ ಬರುತ್ತದೆ. ರಾವಬಹಾದ್ದೂರರ 'ಗ್ರಾಮಾಯಣ' ಉತ್ತರ ಕರ್ನಾಟಕದ ಓದುಗರಿಗೆ ಮನೆ ಮಾತು. ಮೈಸೂರು ಕಡೆಯವರು ಆ ಭಾಗದ ಆಡುಮಾತು ಹತ್ತದೆ ಅದೇ ಪುಸ್ತಕದ ಮೊದಲ ಅಧ್ಯಾಯದಲ್ಲೇ ತಡವರಿಸುತ್ತಾರೆ, ಆಮೇಲೆ ತಪ್ಪನ್ನು ಪುಸ್ತಕದ ಮೇಲೆ ಹಾಕುತ್ತಾರೆ.

ಹಾಗಾದರೆ ನೀವು ತೇಜಸ್ವಿಯನ್ನು ಬಿಟ್ಟುಬಿಡಬೇಕಾ? ಬಿಟ್ಟರೂ ನಷ್ಟವಿಲ್ಲ, ಓದು ಪರೀಕ್ಷೆ ಅಲ್ಲವಲ್ಲ. ಇನ್ನೊಂದು ಸಲ ನೋಡುವ ಮನಸ್ಸಿದ್ದರೆ 'ಕಿರಗೂರಿನ ಗಯ್ಯಾಳಿಗಳು' ತೆಗೆಯಿರಿ. ಚಿಕ್ಕದು, ಒಂದೆರಡು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಅಲ್ಲಿ ಊರಿನ ಹೆಂಗಸರೇ ಮುಂದೆ ನಿಂತಿದ್ದಾರೆ, ಬಾಯಿ ಜೋರಿನವರು. ಅಲ್ಲೂ ತೇಜಸ್ವಿ ಅವರ ಮನಸ್ಸಿನ ಒಳಗೆ ಹೋಗುವುದಿಲ್ಲ. ಆದರೆ ಅವರ ಮಾತು, ಅವರ ಸಿಟ್ಟು ನೋಡಿದರೆ ಒಳಗಿನದ್ದು ನಿಮಗೇ ಗೊತ್ತಾಗುತ್ತದೆ. ಅಷ್ಟಾದ ಮೇಲೂ ಹಿಡಿಸದಿದ್ದರೆ ಧೈರ್ಯವಾಗಿ ಹೇಳಿ. ಹೇಳುವಾಗ ಚೆನ್ನಾಗಿಲ್ಲ ಅನ್ನಬೇಡಿ, ಎಲ್ಲಿ ಬೇಸರ ಆಯಿತು ಅಂತ ಜಾಗ ತೋರಿಸಿ. ಮಂದಣ್ಣನ ಮದುವೆ ಪ್ರಸಂಗದಲ್ಲಿ ನನಗೆ ಆ ಹುಡುಗಿಯ ಚಿಂತೆ ಹತ್ತಿತು, ಪುಸ್ತಕ ಅವಳನ್ನು ಬಿಟ್ಟು ಮುಂದೆ ಹೋಯಿತು ಅನ್ನಿ. ಅದಕ್ಕೆ ಯಾರೂ ನಗಲಾರರು. ಅದಕ್ಕೆ ಉತ್ತರ ಕೊಡಲು ಅವರು ಪುಸ್ತಕ ಮತ್ತೆ ತೆರೆಯಬೇಕಾಗುತ್ತದೆ.

ಕೊನೆಗೆ ನಿಮ್ಮ ಸರದಿಯ ಪುಸ್ತಕ. 'ಶರಪಂಜರ' ಇಡಬೇಕು ಅಂತ ಮನಸ್ಸಾಗಬಹುದು. ಬೇಡ ಅಂತ ನನ್ನ ಸಲಹೆ. ಸಿನಿಮಾ ಎಲ್ಲರ ತಲೆಯಲ್ಲಿ ಕೂತಿರುವುದರಿಂದ ಮಾತೆಲ್ಲ ಕಲ್ಪನಾ ಕಡೆ ತಿರುಗುತ್ತದೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಇಡಿ. ತೀರ್ಥಹಳ್ಳಿಯವರು, ಹೆಚ್ಚು ಶಾಲೆ ಕಂಡವರಲ್ಲ, ಬರೆಯಲು ಶುರು ಮಾಡಿದ್ದೇ ನಲವತ್ತು ದಾಟಿದ ಮೇಲೆ. ಪುಟ್ಟ ವಯಸ್ಸಿನಲ್ಲೇ ವಿಧವೆಯಾದ ಒಬ್ಬ ಹೆಣ್ಣುಮಗಳು ಆ ದೊಡ್ಡ ಮನೆಯಲ್ಲಿ ಹೇಗೆ ಬಾಳಿದಳು ಅನ್ನುವುದು ಕಥೆ. ನಿಮಗೆ ಬೇಕಾದ ಮನೆಯೊಳಗಿನ ಬದುಕು ಅದರಲ್ಲಿದೆ. ನಿಮ್ಮ ಬಳಗದ ತೇಜಸ್ವಿ ಅಭಿಮಾನಿಗಳಿಗೆ ಬೇಕಾದದ್ದೂ ಇದೆ. ಮಲೆನಾಡಿದೆ, ಅಲ್ಲಿನ ಊಟ, ಮಡಿ, ಮಳೆ, ಆಡುಮಾತು ಎಲ್ಲ ಇದೆ. ಕಣ್ಣೀರಿಗೆ ಅಂತ ಎಳೆದ ಒಂದು ಪುಟವೂ ಇಲ್ಲ, ಮಧ್ಯೆ ಮಧ್ಯೆ ಗಟ್ಟಿಯಾದ ತಮಾಷೆ ಇದೆ. ಪ್ರೇಮಾ ಕಾರಂತರು ಇದನ್ನು ಸಿನಿಮಾ ಮಾಡಿದ್ದಾರೆ. ಅದನ್ನು ನೋಡಿ ಬಂದು ಪುಸ್ತಕ ಓದಿದೆ ಅನ್ನುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ, ಮೊದಲೇ ಹೇಳಿಬಿಡಿ. ಮಾತು ಶುರು ಮಾಡಲು ದಾಕ್ಷಾಯಿಣಿಯ ಪ್ರಸಂಗ ಸಾಕು. ವಿಧವೆಯಾದರೂ ತಲೆ ಬೋಳಿಸಿಕೊಳ್ಳುವುದಿಲ್ಲ ಅಂತ ಹಟ ಹಿಡಿದ ಆ ಹುಡುಗಿಯ ಪರ, ಒಂದು ಮಾತೂ ಎದುರಾಡದೆ ಬಾಳಿದ ಫಣಿಯಮ್ಮ ಯಾಕೆ ನಿಂತಳು ಅಂತ ಕೇಳಿ. ಸಾಯಿಸುತೆ ದಾಟಿಲ್ಲ ಅಂದವರನ್ನೇ ಮೊದಲು ಮಾತಾಡಲು ಬಿಡಿ.